ಕರ್ನಾಟಕದ ಒಣಭೂಮಿ ನೀರು–ಮಣ್ಣು ನಿರ್ವಹಣಾ ಸಂಶೋಧನೆ

ಒಣಭೂಮಿ ನೀರು–ಮಣ್ಣು ನಿರ್ವಹಣಾ ಸಂಶೋಧನೆಯು ಕೃಷಿ ವಿಜ್ಞಾನದ ಒಂದು ಶಾಖೆ. ಮಳೆ ಕಡಿಮೆ ಇರುವ ಅಥವಾ ಹೊತ್ತಿಗೆ ಸರಿಯಾಗಿ ಬಾರದ ಪ್ರದೇಶಗಳಲ್ಲಿ ಬಿದ್ದ ನೀರನ್ನು ಹೊಲದಲ್ಲೇ ಹಿಡಿದಿಡುವ, ಮೇಲ್ಮಣ್ಣಿನ ಸವಕಳಿಯನ್ನು ತಡೆಯುವ ಮತ್ತು ಉಳಿದ ತೇವದಲ್ಲಿ ಬೆಳೆ ತೆಗೆಯುವ ಕ್ರಮಗಳನ್ನು ಅದು ಪ್ರಯೋಗಗಳಿಂದ ಕಂಡುಕೊಳ್ಳುತ್ತದೆ. ಭಾರತದಲ್ಲಿ ಈ ಶಾಖೆಯ ಮೊದಲ ದೊಡ್ಡ ಕೆಲಸ ನಡೆದದ್ದು ಇಂದಿನ ಉತ್ತರ ಕರ್ನಾಟಕ ಮತ್ತು ಅದರ ಗಡಿಯ ಸೊಲ್ಲಾಪುರದಲ್ಲಿ. 1933ರಿಂದ 1935ರ ನಡುವೆ ಆರಂಭವಾದ ಐದು ಒಣಬೇಸಾಯ ಕೇಂದ್ರಗಳಲ್ಲಿ ಬಿಜಾಪುರ (ಇಂದಿನ ವಿಜಯಪುರ), ಹಗರಿ ಮತ್ತು ರಾಯಚೂರು ಈಗ ಕರ್ನಾಟಕದಲ್ಲಿವೆ. ನಾಲ್ಕನೆಯದು ಸೊಲ್ಲಾಪುರ, ಐದನೆಯದು ಪಂಜಾಬ್ ಪ್ರಾಂತ್ಯದ ರೋಹ್ಟಕ್.

ಈ ಲೇಖನದಲ್ಲಿ ‘ಒಣಭೂಮಿ’ ಎಂಬುದು ನೀರಾವರಿಯಿಲ್ಲದೆ ಮಳೆಯನ್ನೇ ನೆಚ್ಚಿದ, ವಾರ್ಷಿಕ ಮಳೆ ಸುಮಾರು 450ರಿಂದ 900 ಮಿ.ಮೀ. ಇರುವ ಸಾಗುವಳಿ ಪ್ರದೇಶವನ್ನು ಸೂಚಿಸುತ್ತದೆ. ಹೊಲದ ಮೇಲ್ಮೈಯಿಂದ ಹರಿದು ಹೊರಹೋಗುವ ಮಳೆನೀರು ‘ಹರಿನೀರು’. ಒಂದೇ ಹಳ್ಳಕ್ಕೆ ನೀರು ಹರಿಸುವ ಇಡೀ ಪ್ರದೇಶ ‘ಜಲಾನಯನ’.

ಭೌಗೋಳಿಕ ಹಿನ್ನೆಲೆ

ನೈಋತ್ಯ ಮಾರುತ ತನ್ನ ನೀರಿನ ಬಹುಪಾಲನ್ನು ಪಶ್ಚಿಮಘಟ್ಟದ ಮೇಲೆಯೇ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸಿನ ಮಳೆಯಾದರೆ, ಘಟ್ಟದ ಮಳೆನೆರಳಿನಲ್ಲಿರುವ ಬಳ್ಳಾರಿಯಲ್ಲಿ ಸುಮಾರು 500 ಮಿ.ಮೀ. ಮಾತ್ರ. ಚಳ್ಳಕೆರೆ ಸುತ್ತಿನಲ್ಲಿ ಅದಕ್ಕಿಂತಲೂ ಕಡಿಮೆ. ಬರಪೀಡಿತ ಪ್ರದೇಶದ ವಿಸ್ತೀರ್ಣದಲ್ಲಿ ಕರ್ನಾಟಕವು ರಾಜಸ್ಥಾನದ ನಂತರದ ಸ್ಥಾನದಲ್ಲಿದೆ. ರಾಜ್ಯದ ನಿವ್ವಳ ಬಿತ್ತನೆ ಪ್ರದೇಶದ ಸುಮಾರು ಮೂರನೇ ಎರಡು ಭಾಗ ಮಳೆಯಾಶ್ರಿತವಾಗಿದೆ.

ಒಣಭೂಮಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಮಣ್ಣುಗಳಿವೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಎರೆಮಣ್ಣು ಜೇಡಿಯಿಂದ ತುಂಬಿದ್ದು, ನೆನೆದಾಗ ಉಬ್ಬಿ ಒಣಗಿದಾಗ ಆಳವಾಗಿ ಬಿರಿಯುತ್ತದೆ. ನೀರನ್ನು ನಿಧಾನವಾಗಿ ಕುಡಿದರೂ ಬಹುಕಾಲ ಹಿಡಿದಿಡುತ್ತದೆ. ಆದ್ದರಿಂದ ಆಳವಾದ ಎರೆಯಲ್ಲಿ ಮುಂಗಾರಿಯ ಮಳೆಯನ್ನು ನೆಲದಲ್ಲಿ ಕೂಡಿಟ್ಟು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವುದು ವಾಡಿಕೆ.

ಕೋಲಾರ, ತುಮಕೂರು, ಬೆಂಗಳೂರು, ಚಿತ್ರದುರ್ಗದ ಕೆಂಪುಮಣ್ಣಿನ ಗುಣವೇ ಬೇರೆ. ಅದು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಮಳೆಹನಿಯ ಹೊಡೆತಕ್ಕೆ ಮೇಲ್ಮೈ ಹೆಕ್ಕಳಿಕೆಗಟ್ಟಿ, ಮುಂದಿನ ಮಳೆಯ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ರಾಗಿ, ತೊಗರಿ, ಅವರೆ, ಹುರುಳಿ, ಶೇಂಗಾ ಇಲ್ಲಿಯ ಮುಂಗಾರಿ ಬೆಳೆಗಳು. ಒಂದು ಮಣ್ಣಿಗೆ ಒಗ್ಗಿದ ಬದು, ಉಳುಮೆ ಅಥವಾ ಗೊಬ್ಬರದ ಕ್ರಮ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂಬುದು ಸಂಶೋಧನೆಯ ಉದ್ದಕ್ಕೂ ಮತ್ತೆ ಮತ್ತೆ ಸಾಬೀತಾದ ಸಂಗತಿ.

ಉಗಮ

ಸಂಶೋಧನಾ ಕೇಂದ್ರಗಳಿಗಿಂತ ಮೊದಲೇ ರೈತರಲ್ಲಿ ಗಟ್ಟಿಯಾದ ರೂಢಿಗಳಿದ್ದವು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು, ಇಳಿಜಾರಿಗೆ ಅಡ್ಡಲಾಗಿ ಹಾಕಿದ ಒಡ್ಡು, ಕೂರಿಗೆ ಬಿತ್ತನೆ, ತೇವ ಉಳಿಸಲು ಎಡೆಕುಂಟೆ ಹೊಡೆಯುವುದು, ಊರಿಗೊಂದು ಕೆರೆ, ದನಕರುಗಳಿಗೆ ಗೋಕಟ್ಟೆ ಇವೆಲ್ಲ ಆ ರೂಢಿಯ ಅಂಗಗಳು. ಕೊಪ್ಪಳ–ಗದಗ ಭಾಗದಲ್ಲಿ ಹಳ್ಳದ ಉಸುಕನ್ನು ಎರೆಹೊಲಕ್ಕೆ ಹರಡಿ ತೇವ ಕಾಯ್ದುಕೊಳ್ಳುವ ಪದ್ಧತಿಯೂ ಇದೆ.

ಸರ್ಕಾರದ ಗಮನವನ್ನು ಇತ್ತ ಸೆಳೆದದ್ದು ಬರಗಾಲಗಳು. 1876–78ರ ಮಹಾಕ್ಷಾಮ ಬಿಜಾಪುರ, ಬಳ್ಳಾರಿ ಹಾಗೂ ಮೈಸೂರು ಸೀಮೆಗಳನ್ನು ತೀವ್ರವಾಗಿ ಬಾಧಿಸಿತು. ಒಣಬೇಸಾಯದ ವ್ಯವಸ್ಥಿತ ಪ್ರಯೋಗ ಶುರುವಾದದ್ದು 1923ರಲ್ಲಿ, ಪುಣೆಯ ಬಳಿಯ ಮಾಂಜರಿಯಲ್ಲಿ. ಅದರ ಹಿಂದಿದ್ದವರು ಮುಂಬಯಿ ಪ್ರಾಂತ್ಯದ ಮಣ್ಣು ವಿಜ್ಞಾನಿ ವಿ.ಎ. ತಮ್ಹಾಣೆ. ಕೃಷಿ ಕುರಿತ ರಾಯಲ್ ಆಯೋಗ 1928ರಲ್ಲಿ ವರದಿ ಸಲ್ಲಿಸಿತು. ಅದರ ಶಿಫಾರಸಿನಂತೆ 1929ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿಯು ಮುಂದೆ ಐದು ಕೇಂದ್ರಗಳ ಯೋಜನೆಗೆ ಹಣ ಕೊಟ್ಟಿತು.

1933ರಲ್ಲಿ ಸೊಲ್ಲಾಪುರ ಮತ್ತು ಬಿಜಾಪುರ, 1934ರಲ್ಲಿ ಹಗರಿ ಮತ್ತು ರಾಯಚೂರು, 1935ರಲ್ಲಿ ರೋಹ್ಟಕ್ ಕೇಂದ್ರಗಳು ಕೆಲಸ ಆರಂಭಿಸಿದವು. ಆಗ ಬಿಜಾಪುರ ಮುಂಬಯಿ ಪ್ರಾಂತ್ಯಕ್ಕೂ, ಬಳ್ಳಾರಿ ಬಳಿಯ ಹಗರಿ ಮದ್ರಾಸ್ ಪ್ರಾಂತ್ಯಕ್ಕೂ, ರಾಯಚೂರು ಹೈದರಾಬಾದ್ ನಿಜಾಮರಿಗೂ ಸೇರಿತ್ತು. ಮೂರು ಆಡಳಿತಗಳ ಕೆಳಗಿದ್ದ ಈ ಹೊಲಗಳು ಒಂದೇ ರಾಜ್ಯಕ್ಕೆ ಸೇರಿದ್ದು 1953 ಮತ್ತು 1956ರ ಗಡಿ ಬದಲಾವಣೆಗಳಿಂದ. ಕೇಂದ್ರಗಳು ಹುಟ್ಟಿದ ಕಾಲದಲ್ಲೇ ಅಮೆರಿಕದ ಬಯಲುಸೀಮೆ ದೂಳಿನ ಬಿರುಗಾಳಿಗಳಿಗೆ ಸಿಕ್ಕಿತ್ತು. ಅಲ್ಲಿಯ ಮಣ್ಣು ಸಂರಕ್ಷಣಾ ಇಲಾಖೆ ರೂಪುಗೊಂಡದ್ದು 1935ರಲ್ಲಿ.

ಸುಮಾರು ಹತ್ತು ವರ್ಷಗಳ ಪ್ರಯೋಗಗಳ ಫಲವಾಗಿ ‘ಮುಂಬಯಿ ಒಣಬೇಸಾಯ ಪದ್ಧತಿ’ ಸಿದ್ಧವಾಯಿತು. ಸಮಪಾತಳಿ ಬದು, ಕೆಲವು ವರ್ಷಗಳಿಗೊಮ್ಮೆ ಆಳ ಉಳುಮೆ, ಕೊಟ್ಟಿಗೆ ಗೊಬ್ಬರ, ಕಡಿಮೆ ಬೀಜ, ಅಗಲ ಸಾಲು ಮತ್ತು ಪದೇ ಪದೇ ಎಡೆ ಹೊಡೆಯುವುದು ಅದರ ಅಂಶಗಳು. ಎನ್.ವಿ. ಕಾನಿಟ್ಕರ್ ಈ ಅನುಭವವನ್ನು 1944ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆದರೆ ಪದ್ಧತಿಯಿಂದ ಇಳುವರಿ ಹೆಚ್ಚಿದ್ದು ಅಲ್ಪ ಪ್ರಮಾಣದಲ್ಲಿ ಮಾತ್ರ. ಮೂಲ ಇಳುವರಿಯೇ ಹೆಕ್ಟೇರಿಗೆ ಕೆಲವು ನೂರು ಕಿಲೋ ಇದ್ದುದರಿಂದ ಶೇಕಡಾವಾರು ಹೆಚ್ಚಳ ರೈತರ ಕಣಜದಲ್ಲಿ ಎದ್ದು ಕಾಣಲಿಲ್ಲ, ಪದ್ಧತಿಯೂ ವ್ಯಾಪಕವಾಗಿ ಹರಡಲಿಲ್ಲ.

ಬದು ನಿರ್ಮಾಣ ಮಾತ್ರ ಭರದಿಂದ ಸಾಗಿತು. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯಿದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. 1942–43ರ ಬಿಜಾಪುರ ಬರದ ಪರಿಹಾರ ಕಾಮಗಾರಿಗಳಲ್ಲಿ ಬದು ಹಾಕುವುದೇ ಮುಖ್ಯ ಕೂಲಿ ಕೆಲಸವಾಯಿತು.

ಸಂಸ್ಥೆಗಳ ರಚನೆ

ಸ್ವಾತಂತ್ರ್ಯಾನಂತರ ಸಂಶೋಧನೆ ಮೂರು ಕವಲುಗಳಲ್ಲಿ ಬೆಳೆಯಿತು. ಮೊದಲನೆಯದು ಮಣ್ಣು ಸಂರಕ್ಷಣೆ. ಕೇಂದ್ರ ಮಣ್ಣು ಸಂರಕ್ಷಣಾ ಮಂಡಳಿ 1953ರಲ್ಲಿ ರಚನೆಯಾಗಿ, ಡೆಹ್ರಾಡೂನ್, ಕೋಟಾ, ಉದಕಮಂಡಲ ಮೊದಲಾದೆಡೆ ಕೇಂದ್ರಗಳು ಬಂದವು. ಎರೆಭೂಮಿಯ ಸವಕಳಿಯನ್ನು ಅಭ್ಯಸಿಸಲು 1954ರಲ್ಲಿ ಬಳ್ಳಾರಿ ಕೇಂದ್ರ ಸ್ಥಾಪನೆಯಾಯಿತು. 1967ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ತೆಕ್ಕೆಗೆ ಬಂದ ಅದು, ಈಗ ಡೆಹ್ರಾಡೂನ್ ಮೂಲದ ಭಾರತೀಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿದೆ.

ಎರಡನೆಯದು ಬೆಳೆ ಪದ್ಧತಿ. ಕೆನಡಾದ ನೆರವಿನೊಂದಿಗೆ 1970ರಲ್ಲಿ ಅಖಿಲ ಭಾರತ ಸಂಘಟಿತ ಒಣಬೇಸಾಯ ಸಂಶೋಧನಾ ಯೋಜನೆ ಆರಂಭವಾಯಿತು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಕೆಂಪುಮಣ್ಣಿಗೂ, ವಿಜಯಪುರ ಕೇಂದ್ರ ಎರೆಮಣ್ಣಿಗೂ ಪ್ರತಿನಿಧಿಯಾದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1964ರಲ್ಲಿ, ಧಾರವಾಡದ್ದು 1986ರಲ್ಲಿ ಸ್ಥಾಪನೆಯಾದವು. ವಿಜಯಪುರ ಕೇಂದ್ರವು ಧಾರವಾಡ ವಿಶ್ವವಿದ್ಯಾಲಯದ ವ್ಯಾಪ್ತಿಗೂ, ಹಗರಿ ಕೇಂದ್ರವು ಬಳಿಕ ಬಂದ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಗೂ ಸೇರಿವೆ. ರಾಷ್ಟ್ರಮಟ್ಟದ ಸಮನ್ವಯ ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆಯದು.

ಮೂರನೆಯದು ಮಣ್ಣಿನ ಸರ್ವೇಕ್ಷಣೆ. 1976ರಲ್ಲಿ ರೂಪುಗೊಂಡ ರಾಷ್ಟ್ರೀಯ ಮಣ್ಣು ಸರ್ವೇಕ್ಷಣೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಬೆಂಗಳೂರು ಮತ್ತು ಕೋಲ್ಕತ್ತಗಳಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ.

ಸಂಶೋಧನೆಯ ವಿಧಾನ

ಮೂಲ ಸಾಧನ ಹರಿನೀರಿನ ತಾಕು. ಇಳಿಜಾರಿನ ಒಂದು ತುಂಡು ನೆಲದ ಸುತ್ತ ಅಂಚುಕಟ್ಟಿ, ಕೆಳತುದಿಯಲ್ಲಿ ತೊಟ್ಟಿ ಅಥವಾ ಅಳತೆಯ ಕಾಲುವೆ ಇಟ್ಟು, ಪ್ರತಿ ಮಳೆಗೆ ಎಷ್ಟು ನೀರು ಹರಿಯಿತು, ಅದರೊಡನೆ ಎಷ್ಟು ಮಣ್ಣು ಬಂತು ಎಂದು ದಾಖಲಿಸಲಾಗುತ್ತದೆ. ಲೆಕ್ಕದ ಅಡಿಪಾಯ ಸರಳ: ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು. ಇಂಥ ಅಳತೆಗಳನ್ನು ಒಟ್ಟುಗೂಡಿಸಿ 1983ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16.35 ಟನ್ ಮಣ್ಣು ಕದಲುತ್ತದೆ. ಅದರಲ್ಲಿ ಸುಮಾರು ಶೇ. 29 ಸಮುದ್ರ ಸೇರಿದರೆ, ಶೇ. 10 ಜಲಾಶಯಗಳಲ್ಲಿ ಕೂರುತ್ತದೆ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಇದ್ದದ್ದು ಹೂಳಿನಿಂದಾಗಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ.

ಎರಡನೇ ಸಾಧನ ದೀರ್ಘಾವಧಿ ತಾಕು. ಬೆಂಗಳೂರು ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ರಾಗಿ ಪ್ರಯೋಗದಲ್ಲಿ ಒಂದೇ ತಾಕಿಗೆ ವರ್ಷ ವರ್ಷವೂ ಒಂದೇ ಬಗೆಯ ಗೊಬ್ಬರ ಕೊಡಲಾಯಿತು. ಬರೀ ರಾಸಾಯನಿಕ ಗೊಬ್ಬರ ಪಡೆದ ತಾಕುಗಳು ಕಾಲಕ್ರಮೇಣ ಸೊರಗಿದರೆ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಂದಿಗೆ ಶಿಫಾರಸಿನಷ್ಟು ಸಾರಜನಕ, ರಂಜಕ, ಪೊಟ್ಯಾಷ್ ಪಡೆದ ತಾಕುಗಳು ಇಳುವರಿಯನ್ನೂ ಸಾವಯವ ಇಂಗಾಲವನ್ನೂ ಕಾಯ್ದುಕೊಂಡವು.

ಇಂಥ ಪ್ರಯೋಗಗಳ ಸಂಖ್ಯಾಶಾಸ್ತ್ರೀಯ ಬುನಾದಿಯಲ್ಲಿ ಕೋಲ್ಕತ್ತದ ಪಾಲಿದೆ. ಪಿ.ಸಿ. ಮಹಾಲನೊಬಿಸ್ 1931ರಲ್ಲಿ ಅಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಹೊಲದ ಪ್ರಯೋಗಗಳ ವಿನ್ಯಾಸವನ್ನು ಆರಂಭದಿಂದಲೇ ಕೈಗೆತ್ತಿಕೊಂಡಿತು. ಆರ್.ಸಿ. ಬೋಸ್ ಮತ್ತು ಕೆ.ಆರ್. ನಾಯರ್ 1939ರಲ್ಲಿ ಪ್ರಕಟಿಸಿದ ಭಾಗಶಃ ಸಮತೋಲಿತ ತಾಕು ವಿನ್ಯಾಸಗಳು, ಒಂದೇ ಹೊಲದಲ್ಲಿ ಬಹಳಷ್ಟು ತಳಿ ಅಥವಾ ಕ್ರಮಗಳನ್ನು ಹೋಲಿಸುವ ದಾರಿ ತೋರಿದವು.

ತಂತ್ರಗಳ ವಿಧಗಳು

*ಬದುಗಳು.* ಒಂದೇ ಎತ್ತರದ ರೇಖೆಯ ಗುಂಟ ಹಾಕುವ ಸಮಪಾತಳಿ ಬದು ನೀರನ್ನು ನಿಲ್ಲಿಸಿ ಇಂಗಿಸುತ್ತದೆ. ನೀರು ಬೇಗ ಇಂಗುವ ಕೆಂಪುಮಣ್ಣಿಗೆ, ಮಳೆ ಸುಮಾರು 600 ಮಿ.ಮೀ. ಒಳಗಿರುವ ಕಡೆ ಇದು ಹೊಂದುತ್ತದೆ. ಎರೆಮಣ್ಣಿನಲ್ಲಿ ಇದೇ ಬದು ಸೋತಿತು. ಬೇಸಿಗೆಯಲ್ಲಿ ಬದುವೇ ಬಿರುಕುಬಿಟ್ಟು, ಮೊದಲ ಜೋರು ಮಳೆಯ ನೀರು ಬಿರುಕಿನಲ್ಲಿ ನುಗ್ಗಿ ಬದು ಒಡೆಯುತ್ತಿತ್ತು. ಒಡೆಯದಿದ್ದರೆ ಅದರ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯುತ್ತಿತ್ತು. ಬಳ್ಳಾರಿ ಕೇಂದ್ರದ ಕೆಲಸದ ನಂತರ ಎರೆಭೂಮಿಗೆ 100 ಮೀಟರಿಗೆ 10ರಿಂದ 50 ಸೆಂ.ಮೀ. ಇಳುಕಲು ಕೊಟ್ಟ ಬದುಗಳನ್ನು ಶಿಫಾರಸು ಮಾಡಲಾಯಿತು. ಇವು ಹೆಚ್ಚುವರಿ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ನಿಧಾನವಾಗಿ ಸಾಗಿಸುತ್ತವೆ.

*ಬದುಗಳ ನಡುವಿನ ಕ್ರಮಗಳು.* ವಿಜಯಪುರ ಕೇಂದ್ರದ ಹೆಸರಾಂತ ಕೊಡುಗೆ ಚೌಕುಮಡಿ. ಹಿಂಗಾರಿ ಬಿತ್ತುವ ಹೊಲವನ್ನು ಜೂನ್–ಜುಲೈನಲ್ಲಿ ಕಿರುಬದುಗಳಿಂದ ಇಳಿಜಾರಿಗೆ ತಕ್ಕಂತೆ ಕೆಲವು ಮೀಟರ್ ಅಳತೆಯ ಚೌಕಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಚೌಕವೂ ತನ್ನ ಮೇಲೆ ಬಿದ್ದ ಮಳೆಯನ್ನು ಅಲ್ಲೇ ಹಿಡಿಯುತ್ತದೆ. ಬಿತ್ತನೆಗೆ ಮುಂಚೆ ಕುಂಟೆಯಿಂದ ಅವನ್ನು ಸಮಮಾಡುತ್ತಾರೆ. ಕೆಂಪುಮಣ್ಣಿಗೆ ಬೆಂಗಳೂರು ಕೇಂದ್ರದ ಶಿಫಾರಸು ದೋಣಿಸಾಲು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬಿತ್ತಿ, ತೊಗರಿ ಸಾಲುಗಳ ನಡುವೆ ಕಾಲುವೆಯಂತೆ ತೋಡಿದ ಈ ಸಾಲು ನೀರನ್ನು ಇಂಗಿಸುತ್ತದೆ.

*ಹೊದಿಕೆ.* ಎರೆಮಣ್ಣಿನಲ್ಲಿ ಸುಮಾರು 30 ಸೆಂ.ಮೀ. ಆಳದ ಕಿರಿದಾದ ಕಂದಕ ತೋಡಿ, ಜೋಳದ ದಂಟನ್ನು ನೆಟ್ಟಗೆ ನಿಲ್ಲಿಸುವುದು ಲಂಬ ಹೊದಿಕೆ. ದಂಟಿನ ಸಂದುಗಳ ಮೂಲಕ ನೀರು ಗಟ್ಟಿ ಜೇಡಿಯ ಕೆಳಪದರಕ್ಕೂ ಇಳಿಯುತ್ತದೆ. ಮೇಲ್ಮೈ ಮೇಲೆ ಹರಡಿದ ಉಸುಕು ಬಿಸಿಲಿಗೆ ತೇವ ಆವಿಯಾಗುವುದನ್ನು ತಗ್ಗಿಸುತ್ತದೆ.

*ಸಸ್ಯ ತಡೆ.* ಗುಂಡ್ಲುಪೇಟೆಯ ಕಡೆ ರೈತರು ಹೊಲದ ಗಡಿಗೆ ಲಾವಂಚದ ಸಾಲನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಜಲಾನಯನ ಯೋಜನೆಗಳ ತಜ್ಞ ಜಾನ್ ಗ್ರೀನ್‌ಫೀಲ್ಡ್ ಲಾವಂಚದ ಬೇಲಿಯನ್ನು ಮಣ್ಣಿನ ಬದುವಿಗೆ ಬದಲಿಯಾಗಿ ಮುಂದಿಟ್ಟರು. ಕನಕಪುರ ಬಳಿಯ ಕಬ್ಬಾಳನಾಲಾ ಜಲಾನಯನದಲ್ಲಿ ಅದನ್ನು ಪರೀಕ್ಷಿಸಲಾಯಿತು. 1987ರಲ್ಲಿ ವಿಶ್ವಬ್ಯಾಂಕ್ ಹೊರತಂದ ಕೈಪಿಡಿಯ ಮೂಲಕ ಈ ಕ್ರಮ ಆಫ್ರಿಕಾ ಮತ್ತು ಆಗ್ನೇಯ ಏಷ್ಯಾದ ದೇಶಗಳಿಗೂ ಹೋಯಿತು.

*ಕೃಷಿ ಹೊಂಡ.* ಹೊಲದ ತಗ್ಗಿನ ಮೂಲೆಯಲ್ಲಿ ಹರಿನೀರನ್ನು ಕೂಡಿಟ್ಟು, ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದೆರಡು ಸಲ ನೀರುಣಿಸುವುದು ಇದರ ಉದ್ದೇಶ. ಕೆಂಪುಮಣ್ಣಿನಲ್ಲಿ ಹೊಂಡದ ನೀರು ಬಸಿದುಹೋಗುವುದೇ ದೊಡ್ಡ ತೊಡಕು. ಅದಕ್ಕಾಗಿ ಮಣ್ಣು–ಸಿಮೆಂಟ್ ಮಿಶ್ರಣ, ಪ್ಲಾಸ್ಟಿಕ್ ಹಾಳೆ ಮೊದಲಾದ ಒಳಹೊದಿಕೆಗಳನ್ನು ಪರೀಕ್ಷಿಸಲಾಗಿದೆ.

ಜಲಾನಯನ ಹಂತ

ಒಬ್ಬನ ಹೊಲದ ಹರಿನೀರು ಇನ್ನೊಬ್ಬನ ಹೊಲದ ಕೊರಕಲಾಗುತ್ತದೆ. ಆದ್ದರಿಂದ 1980ರ ದಶಕದಿಂದ ಪ್ರಯೋಗದ ಘಟಕ ಹೊಲದಿಂದ ಜಲಾನಯನಕ್ಕೆ ಬದಲಾಯಿತು. 1983ರಲ್ಲಿ ದೇಶಾದ್ಯಂತ ಆಯ್ದ 47 ಮಾದರಿ ಜಲಾನಯನಗಳಲ್ಲಿ ಕೆಲಸ ಆರಂಭವಾಯಿತು. ಬಾಗೇಪಲ್ಲಿ ತಾಲ್ಲೂಕಿನ ಮಿಟ್ಟೇಮರಿ, ಬಳ್ಳಾರಿ ಸೀಮೆಯ ಜೋಳದರಾಶಿ, ಚಿತ್ರದುರ್ಗದ ಜಿ.ಆರ್. ಹಳ್ಳಿ ಕರ್ನಾಟಕದ ಆ ಕಾಲದ ಪರಿಚಿತ ಹೆಸರುಗಳು. ಮೇಲ್ಭಾಗದ ಗೋಮಾಳದಲ್ಲಿ ಕಂದಕ ಮತ್ತು ಮರ, ನಡುಭಾಗದ ಹೊಲಗಳಲ್ಲಿ ಬದು, ಕೆಳಗಿನ ಹಳ್ಳದಲ್ಲಿ ತಡೆ ಅಣೆ ಮತ್ತು ಜಿನುಗು ಕೆರೆ ಎಂಬುದು ಸಾಮಾನ್ಯ ಅನುಕ್ರಮ.

ವಿಶ್ವಬ್ಯಾಂಕ್ ನೆರವಿನ ಸುಜಲಾ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಕಾಮಗಾರಿಯ ಪರಿಣಾಮವನ್ನು ಇಸ್ರೋ ಬಳಗದ ಆಂಟ್ರಿಕ್ಸ್ ಉಪಗ್ರಹ ಚಿತ್ರಗಳ ಸಹಾಯದಿಂದ ಅಳೆಯಿತು. ನಂತರದ ಸುಜಲಾ–3ರಲ್ಲಿ ಒತ್ತು ಕಾಮಗಾರಿಯಿಂದ ಮಾಹಿತಿಗೆ ಸರಿಯಿತು. ಬೆಂಗಳೂರಿನ ಮಣ್ಣು ಸರ್ವೇಕ್ಷಣಾ ಕೇಂದ್ರದ ಮುಂದಾಳತ್ವದಲ್ಲಿ ಸುಮಾರು 2,500 ಕಿರುಜಲಾನಯನಗಳ ಭೂಸಂಪನ್ಮೂಲ ಸಮೀಕ್ಷೆ ನಡೆದು, ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಸವಕಳಿ ಮತ್ತು ತೇವ ಹಿಡಿಯುವ ಶಕ್ತಿಯ ನಕ್ಷೆಗಳು ಸಿದ್ಧವಾದವು.

ಉಪಯೋಗಗಳು

ಸಂಶೋಧನೆಯ ನೇರ ಫಲ ಬಿತ್ತನೆಯ ಶಿಫಾರಸು. ಮುಂಗಾರು ತಡವಾದರೆ ದೀರ್ಘಾವಧಿ ರಾಗಿಯ ಬದಲು ಅಲ್ಪಾವಧಿ ತಳಿ, ಇನ್ನೂ ತಡವಾದರೆ ಹುರುಳಿ ಎಂಬಂಥ ಪರ್ಯಾಯ ಬೆಳೆ ಯೋಜನೆಗಳು ಜಿಲ್ಲಾವಾರು ಲಭ್ಯವಿವೆ. ಇವುಗಳಿಗೆ ಬೇಕಾದ ಮಳೆ ಮಾಹಿತಿಯನ್ನು 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ, ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಸಂಗ್ರಹಿಸುತ್ತದೆ.

2009ರಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ಆರಂಭವಾದ ಭೂಚೇತನ ಕಾರ್ಯಕ್ರಮವು ರೈತರ ಹೊಲಗಳ ಮಣ್ಣು ಪರೀಕ್ಷಿಸಿ, ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿತು. ನೀರಿನ ಕೊರತೆಯ ಜೊತೆಗೆ ಪೋಷಕಾಂಶದ ಕೊರತೆಯೂ ಒಣಭೂಮಿಯ ಇಳುವರಿಯನ್ನು ಕಟ್ಟಿಹಾಕುತ್ತದೆ ಎಂಬ ತಿಳಿವಳಿಕೆ ಇದರಿಂದ ಶಿಫಾರಸುಗಳಲ್ಲಿ ಸೇರಿತು. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆ ಹೊಂಡ, ಒಳಹೊದಿಕೆ, ಪಂಪು ಮತ್ತು ಹನಿ ಅಥವಾ ತುಂತುರು ನೀರಾವರಿಯನ್ನು ಒಂದೇ ಕಟ್ಟಿನಲ್ಲಿ ಒದಗಿಸಿತು. ಅದರಡಿ ರಾಜ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೊಂಡಗಳು ನಿರ್ಮಾಣವಾಗಿವೆ.

ಪೂರ್ವ ಭಾರತದೊಂದಿಗೆ ಹೋಲಿಕೆ

ಕೋಲ್ಕತ್ತ ಮಳೆ ಹೆಚ್ಚಿರುವ ನಗರ. ಆದರೆ ಅದರ ಪಶ್ಚಿಮಕ್ಕೆ, ಛೋಟಾನಾಗಪುರ ಪ್ರಸ್ಥಭೂಮಿಯ ಅಂಚಿನಲ್ಲಿರುವ ಪುರುಲಿಯಾ ಮತ್ತು ಬಾಂಕುಡಾ ಜಿಲ್ಲೆಗಳು ಬರಪೀಡಿತ. ಪುರುಲಿಯಾದಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ಅಂದರೆ ಬಳ್ಳಾರಿಯ ಎರಡೂವರೆ ಪಟ್ಟು. ಏರುತಗ್ಗಿನ ನೆಲ, ತೆಳುವಾದ ಗರಸು ಕೆಂಪುಮಣ್ಣು ಮತ್ತು ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಮಳೆ ಅಲ್ಲಿಯ ಬರಕ್ಕೆ ಕಾರಣ. ರೈತರು ನೆಲವನ್ನು ಎತ್ತರದಿಂದ ತಗ್ಗಿಗೆ ಟಾಂಡ್, ಬಾಯಿದ್, ಕಾನಾಲಿ, ಬಹಾಲ್ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಪ್ರದಾನ್ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿ ಪ್ರಚುರಪಡಿಸಿದ ಕ್ರಮದಲ್ಲಿ ಪ್ರತಿ ಗದ್ದೆಯ ಶೇ. 5 ಭಾಗವನ್ನು ಗುಂಡಿ ತೋಡಿ ನೀರು ಹಿಡಿಯಲಾಗುತ್ತದೆ. ‘ಹಾಪಾ’ ಎಂಬ ಚಿಕ್ಕ ಹೊಂಡಗಳು ಕರ್ನಾಟಕದ ಕೃಷಿ ಹೊಂಡಗಳಿಗೆ ಸಮಾನ.

ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇರುವ ದಾಮೋದರ ಕಣಿವೆ ನಿಗಮ 1948ರಲ್ಲಿ ಸ್ಥಾಪನೆಯಾಗಿ, ಮರುವರ್ಷವೇ ಹಜಾರಿಬಾಗ್‌ನಲ್ಲಿ ಮಣ್ಣು ಸಂರಕ್ಷಣಾ ವಿಭಾಗ ತೆರೆಯಿತು. ಅಣೆಕಟ್ಟೆಗೆ ಹೂಳು ಬಾರದಂತೆ ಮೇಲಿನ ಜಲಾನಯನವನ್ನು ನೋಡಿಕೊಳ್ಳುವ ಪ್ರಯತ್ನಗಳಲ್ಲಿ ಇದು ದೇಶದ ಮೊದಲ ಸಾಲಿನದು.

ಬಳಸಿದ ನೀರಿನ ಮರುಬಳಕೆಯಲ್ಲೂ ಹೋಲಿಕೆಯಿದೆ. ಸುಮಾರು 12,500 ಹೆಕ್ಟೇರ್ ವಿಸ್ತಾರದ ಪೂರ್ವ ಕೋಲ್ಕತ್ತ ಜೌಗುಭೂಮಿಯಲ್ಲಿ ನಗರದ ಕೊಳಚೆನೀರು ಮೀನುಕೆರೆ, ತರಕಾರಿ ಮತ್ತು ಭತ್ತದ ಗದ್ದೆಗಳಿಗೆ ಹೋಗುತ್ತದೆ. ಇದು 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹಾಯಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಇಲ್ಲಿ ನೀರನ್ನು ಬೆಳೆಗೆ ನೇರವಾಗಿ ಬಿಡದೆ, ಕೆರೆಯಲ್ಲಿ ಇಂಗಿಸಿ ಅಂತರ್ಜಲ ಹೆಚ್ಚಿಸುವುದು ಗುರಿ. ಮೂರನೇ ಹಂತದ ಸಂಸ್ಕರಣೆಯೂ ಆಗಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿದೆ.

ಈಗಿನ ಸ್ಥಿತಿ

ಇಸ್ರೋದ ಅಹಮದಾಬಾದ್ ಕೇಂದ್ರದ ಭೂಪಟದಂತೆ 2011–13ರಲ್ಲಿ ಕರ್ನಾಟಕದ ಸುಮಾರು ಶೇ. 36 ಭೂಭಾಗ ಒಂದಲ್ಲ ಒಂದು ಬಗೆಯ ಸವಕಳಿ ಅಥವಾ ಕ್ಷೀಣತೆಗೆ ಒಳಗಾಗಿತ್ತು. ಕೆಂಪುಮಣ್ಣಿನ ಜಿಲ್ಲೆಗಳಲ್ಲಿ ಕೊಳವೆಬಾವಿಗಳು ಆಳಕ್ಕಿಳಿದಿದ್ದು, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಲ್ಲಿ ಅಂತರ್ಜಲ ಮರುಪೂರಣಕ್ಕಿಂತ ಬಳಕೆಯೇ ಹೆಚ್ಚಾಗಿದೆ.

ಎರೆಭೂಮಿಯಲ್ಲಿ ಸಮಸ್ಯೆ ಕೆಲವೆಡೆ ತಿರುವುಮುರುವಾಗಿದೆ. ತುಂಗಭದ್ರಾ ಮತ್ತು ಕೃಷ್ಣಾ ಮೇಲ್ದಂಡೆ ಯೋಜನೆಗಳ ನೀರು ತಲುಪಿದ ಹೊಲಗಳಲ್ಲಿ ಜೌಗು ಮತ್ತು ಸವಳು ಕಾಣಿಸಿಕೊಂಡಿವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಸವಳು ಸಹಿಸುವ ಬೆಳೆಗಳನ್ನೂ, ನೆಲದಡಿ ಕೊಳವೆ ಹಾಕಿ ಹೆಚ್ಚುವರಿ ನೀರು ಬಸಿಯುವ ಕ್ರಮವನ್ನೂ ಅಭ್ಯಸಿಸುತ್ತದೆ.

2011ರಲ್ಲಿ ಆರಂಭವಾದ ಹವಾಮಾನ ಸಹಿಷ್ಣು ಕೃಷಿಯ ರಾಷ್ಟ್ರೀಯ ಕಾರ್ಯಕ್ರಮದಡಿ ಹಳೆಯ ಶಿಫಾರಸುಗಳನ್ನು ಬದಲಾದ ಮಳೆಕ್ರಮಕ್ಕೆ ಒಡ್ಡಿ ನೋಡಲಾಗುತ್ತಿದೆ. ಸುಜಲಾ–3ರ ಸಮೀಕ್ಷಾ ವಿಧಾನವನ್ನು ಮುಂದುವರಿಸಲು ವಿಶ್ವಬ್ಯಾಂಕ್ ನೆರವಿನ ರಿವಾರ್ಡ್ ಕಾರ್ಯಕ್ರಮ ಕರ್ನಾಟಕ ಮತ್ತು ಒಡಿಶಾಗಳಲ್ಲಿ ಜಾರಿಗೆ ಬಂದಿದೆ. ಬದು ಎಲ್ಲಿ ಬೇಕು, ಎಷ್ಟು ಎತ್ತರ, ಹೊಂಡ ಎಷ್ಟು ದೊಡ್ಡದು ಎಂಬುದನ್ನು ಆಯಾ ಸರ್ವೆ ನಂಬರಿನ ಮಣ್ಣಿನ ನಕ್ಷೆ ಮತ್ತು ಹರಿನೀರಿನ ಅಂದಾಜಿನಿಂದ ನಿರ್ಧರಿಸುವುದು ಈ ವಿಧಾನದ ತಿರುಳು.